ಗೂಬೆಯ ಕಣ್ಣು, ಚಿಟ್ಟೆಯ ಮೀಸೆ

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕತೆ ಅರ್ಧ ಆದಮೇಲೆ ನಿಮಗೇ ಗೊತ್ತಾಗಿ ಮೂಗು ಮುರಿಯುವುದಕ್ಕಿಂತ ಈಗಲೇ ಮುರಿದು ಮುಗಿಸಿಬಿಡಿ. ನನಗೆ ಐವತ್ತೈದು ವರ್ಷ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ನನ್ನ ಕೆಲಸ. ಸತ್ತ ಹಕ್ಕಿಗಳ ಚರ್ಮ ಬಿಡಿಸಿ, ಒಳಗೆ ಹತ್ತಿ ತುಂಬಿ, ಬದುಕಿವೆಯೇನೋ ಅನ್ನುವ ಹಾಗೆ ಕೊಂಬೆಯ ಮೇಲೆ ಕೂರಿಸುತ್ತೇನೆ. ಹದ್ದು, ಗಿಡುಗ, ಗೂಬೆ, ಹೀಗೆ ಬೇಟೆಯಾಡುವ ಹಕ್ಕಿಗಳೆಲ್ಲ ನನ್ನ ಪಾಲಿನವು. ಹೊಟ್ಟೆಕಿಚ್ಚು ಯಾರ ಮೇಲೆ ಅಂದರೆ, ಒಡಹುಟ್ಟಿದ ತಂಗಿಯ ಮೇಲೆ. ಅವಳೂ ಅದೇ ಕೋಣೆಯಲ್ಲಿ ಕೂರುತ್ತಾಳೆ. ಅವಳದು ಚಿಟ್ಟೆಗಳ ಕೆಲಸ.

ಕೋಣೆಗೆ ಇರುವುದು ಒಂದೇ ಕಿಟಕಿ. ಅದರ ಪಕ್ಕದ ಮೇಜು ಅವಳದು. ನನ್ನದು ತೊಟ್ಟಿಯ ಪಕ್ಕದ್ದು. ಅಲ್ಲಿ ಯಾವಾಗಲೂ ಕೊಬ್ಬಿನ ವಾಸನೆ. ಇದನ್ನು ಹಂಚಿದವರು ನಮ್ಮಪ್ಪ. ಆ ಕೋಣೆ ನಡೆಸುತ್ತಿದ್ದವರು ಅವರೇ, ನಮ್ಮಿಬ್ಬರಿಗೂ ಕೆಲಸ ಕಲಿಸಿದವರೂ ಅವರೇ. ಚಿಕ್ಕಂದಿನಲ್ಲಿ ತಂಗಿಗೆ ಕೆಮ್ಮು. ಹಕ್ಕಿಯ ಚರ್ಮ ಕೆಡದ ಹಾಗೆ ಸವರುವ ಪುಡಿ ಎದೆಗೆ ಆಗುವುದಿಲ್ಲ ಅಂತ ಅವಳ ಕೈಗೆ ಗುಂಡುಸೂಜಿ ಕೊಟ್ಟು ಬೆಳಕಿಗೆ ಕೂರಿಸಿದರು. ನನ್ನ ಎದೆ ಗಟ್ಟಿ ಇತ್ತಲ್ಲ, ನನಗೆ ಚಾಕು ಕೊಟ್ಟರು. ಗಟ್ಟಿಮುಟ್ಟಾಗಿ ಹುಟ್ಟಿದ್ದೇ ನನ್ನ ತಪ್ಪು.

ಅಪ್ಪ ಅವಳ ಮೇಜಿನ ಹತ್ತಿರ ಹೋದಾಗಲೆಲ್ಲ ಒಂದೇ ಮಾತು: "ಚೆನ್ನಾಗಿದೆ ಪುಟ್ಟಿ." ಆ ಪುಟ್ಟಿಗೆ ಈಗ ನಲವತ್ತೊಂಬತ್ತು. ಅಲ್ಲಿಂದ ನನ್ನ ಕಡೆ ಬಂದು ಭೂತಗನ್ನಡಿ ತೆಗೆದರೆಂದರೆ ನನ್ನ ಗ್ರಹಚಾರ ಶುರು. "ಇದೇನು ಗಿಡುಗಾನೋ, ಉಬ್ಬಿದ ದಿಂಬೋ? ಕತ್ತು ನೋಡು, ಯಾರೋ ಹಿಡಿದು ತಿರುಚಿದ ಹಾಗಿದೆ. ಬಿಚ್ಚು, ಮೊದಲಿಂದ ಮಾಡು." ಅವರು ನಿವೃತ್ತರಾಗಿ ಹದಿನೆಂಟು ವರ್ಷವಾದರೂ ವರ್ಷಕ್ಕೆ ನಾಲ್ಕು ಸಲ ಬಂದು ಬೈದು ಹೋಗುತ್ತಿದ್ದರು. ಚೆನ್ನಾಗಿದೆ ಅನ್ನುವ ಮಾತು ಅವರ ಬಾಯಿಂದ ನನ್ನ ಒಂದೇ ಒಂದು ಹಕ್ಕಿಗೂ ಬರಲಿಲ್ಲ. ಅವರಿಗೀಗ ಎಂಬತ್ತೆರಡು. ಅದೊಂದು ಮಾತು ಕೇಳದೆ ಅವರನ್ನು ಕಳಿಸಿಕೊಡುವುದು ನನ್ನಿಂದ ಆಗುವುದಿಲ್ಲ. ಇದು ಸಣ್ಣತನ ಅಂತ ಗೊತ್ತು. ಗೊತ್ತಿದ್ದರೆ ಆಸೆ ಹೋಗುತ್ತದೆಯೇ?

ಹೀಗಿರುವಾಗ ಹೋದ ವರ್ಷ ಹೊಸದಾಗಿ ಬಂದ ದೊಡ್ಡ ಮೇಡಂ ಒಂದು ದಿನ ನಮ್ಮ ಕೋಣೆಗೆ ಬಂದರು. ಮೆಟ್ಟಿಲ ಬುಡದ ಗಾಜಿನ ಪೆಟ್ಟಿಗೆಯನ್ನು ಬದಲಾಯಿಸಬೇಕೆಂದರು. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಆ ಪೆಟ್ಟಿಗೆ. ಅದರಲ್ಲಿ ಒಂದು ಗೂಬೆ, ಒಂದು ಗೂಬೆಚಿಟ್ಟೆ, ಎರಡನ್ನೂ ಪಕ್ಕಪಕ್ಕ ಇಡಬೇಕಂತೆ.

"ಗೂಬೆಚಿಟ್ಟೆ ಅಂದ್ರೆ?" ಅಂತ ಕೇಳಿದೆ, ಗೊತ್ತಿದ್ದೂ.

"ರೆಕ್ಕೆ ಮೇಲೆ ಗೂಬೆ ಕಣ್ಣಿನ ಥರಾನೇ ಗುರುತು ಇರುತ್ತಲ್ಲಮ್ಮ, ಅದು. ಬೇಟೆಗಾರನ್ನೂ ಇಡೋಣ, ಬೇಟೆಗಾರನ ಹಾಗೆ ವೇಷ ಹಾಕಿದೋರನ್ನೂ ಇಡೋಣ. ಜನ ಹೋಲಿಸಿ ನೋಡ್ಲಿ."

ಜನ ಹೋಲಿಸಿ ನೋಡಲಿ! ಐವತ್ತು ವರ್ಷದಿಂದ ಮನೆಯಲ್ಲಿ ಹೋಲಿಸಿದ್ದು ಸಾಲದು ಅಂತ ಈಗ ಟಿಕೆಟ್ಟು ಕೊಟ್ಟು ಬಂದವರೂ ಹೋಲಿಸಬೇಕು.

ನಾನು ಕಡುಗಂದು ಕಣ್ಣಿನ ಕಾಡುಗೂಬೆಯನ್ನು ತೆಗೆದುಕೊಂಡೆ. ಹೆದ್ದಾರಿಯಲ್ಲಿ ಲಾರಿಗೆ ಬಡಿದು ಸತ್ತಿದ್ದ ಹಕ್ಕಿ, ಆರು ವರ್ಷದಿಂದ ಶೈತ್ಯಪೆಟ್ಟಿಗೆಯಲ್ಲಿತ್ತು. ಅದಕ್ಕೆ ಪೂರಾ ಮೂರು ವಾರ ಹಿಡಿಯಿತು. ತಂತಿಯ ಎಲುಬು ಕಟ್ಟಿದೆ, ಮುಖದ ಸುತ್ತಿನ ಪುಕ್ಕಗಳನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ ಕೂರಿಸಿದೆ, ಉಗುರಿನ ಮೇಲೆ ರಕ್ತದ ಕಲೆ ಕೂಡ ಉಳಿಯದ ಹಾಗೆ ಉಜ್ಜಿದೆ. ಅವಳ ಚಿಟ್ಟೆ ಎಲ್ಲಿಂದಲೋ ಅಂಚೆಯಲ್ಲಿ, ಮಡಿಸಿದ ಕಾಗದದೊಳಗೆ ಬಂತು. ಒದ್ದೆ ಡಬ್ಬಿಯಲ್ಲಿ ಎರಡು ದಿನ ಇಟ್ಟು ಮೆತ್ತಗೆ ಮಾಡಿದಳು, ಹಲಗೆಯ ಮೇಲೆ ರೆಕ್ಕೆ ಬಿಡಿಸಿ ಕಾಗದದ ಪಟ್ಟಿಯಲ್ಲಿ ಒತ್ತಿದಳು, ಒಣಗಿತು, ಮುಗಿಯಿತು. ಕಣ್ಣಿನ ಗುರುತು ರೆಕ್ಕೆಯ ಅಡಿಭಾಗದಲ್ಲಿರುವುದರಿಂದ ಮಗುಚಿ ಹಾಕಿದ್ದಳು. ಅಷ್ಟೇ ಅವಳ ಪಾಂಡಿತ್ಯ. ನನ್ನ ಗೂಬೆ ಬದುಕಿದ್ದಾಗ ಕತ್ತಲಲ್ಲಿ ಇಲಿಯ ಹೆಜ್ಜೆ ಕೇಳಿ ಹಾರಿ ಹಿಡಿಯುತ್ತಿತ್ತು. ಆ ಚಿಟ್ಟೆ ಏನು ಮಾಡುತ್ತಿತ್ತು? ಕೊಳೆತ ಹಣ್ಣಿನ ರಸ ಹೀರುತ್ತಿತ್ತು.

ಅವಳು ಊಟಕ್ಕೆ ಹೋದಾಗ ಅದನ್ನು ನಾನು ಭೂತಗನ್ನಡಿ ಹಿಡಿದು ತಲೆಯಿಂದ ಬುಡದವರೆಗೂ ನೋಡಿದೆ. ಬೆಣ್ಣೆಯಲ್ಲಿ ಕೂದಲು ಹುಡುಕುವುದು ನನಗೆ ಚೆನ್ನಾಗಿ ಬರುತ್ತದೆ. ಸಿಕ್ಕಿತು. ಎಡಗಡೆಯ ಮೀಸೆ ಆ ಚಿಟ್ಟೆಯದೇ ಅಲ್ಲ. ಮೆತ್ತಗೆ ಮಾಡುವಾಗ ಮುರಿದಿರಬೇಕು, ಬೇರೆ ಯಾವುದೋ ಚಿಟ್ಟೆಯ ಮೀಸೆ ತಂದು ಅಂಟಿಸಿದ್ದಾಳೆ. ಬಣ್ಣ ಒಂದು ಎಳೆ ತಿಳಿ, ತುದಿ ಒಂದಿಷ್ಟು ದಪ್ಪ. ಬರಿಗಣ್ಣಿಗೆ ಯಾರಿಗೂ ಕಾಣುವುದಿಲ್ಲ. ಇರಲಿ, ಒಂದು ದಿನ ಬೇಕಾಗುತ್ತದೆ ಅಂತ ಹೊಟ್ಟೆಯಲ್ಲಿಟ್ಟುಕೊಂಡೆ.

ಪೆಟ್ಟಿಗೆ ತೆರೆದ ದಿನ ಕಾವಲುಗಾರನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. ನೋಡಿದ್ದನ್ನು ನೋಡಿದಲ್ಲಿಗೆ ಬಿಡದೆ ಎಲ್ಲ ಕೋಣೆಗೂ ಮುಟ್ಟಿಸುತ್ತಾನಾದ್ದರಿಂದ ಅವನಿಗೆ ನಾವು ಇಟ್ಟ ಹೆಸರು ರೇಡಿಯೋ. ಸಂಜೆಯ ಹೊತ್ತಿಗೆ ಬಂದ.

"ಅಕ್ಕೋರೇ, ಏನ್ ಜನ ಅಂತೀರಾ! ಎಲ್ರೂ ಚಿಟ್ಟೆ ಹತ್ರಾನೇ. ಒಬ್ರು ಹೆಂಗಸಂತೂ ಏನಂದ್ರು ಗೊತ್ತಾ? ಗೂಬೆಗಿಂತ ಈ ಚಿಟ್ಟೇನೇ ಗೂಬೆ ಥರ ಇದೆಯಲ್ರೀ ಅಂದ್ರು."

ಮೈಯೆಲ್ಲ ಉರಿದುಹೋಯಿತು. ಮರುದಿನ ಕಂಬದ ಹಿಂದೆ ನಿಂತು ನಾನೇ ನೋಡಿದೆ. ಅವನು ಹೇಳಿದ್ದು ನಿಜ. ಚಿಟ್ಟೆಯ ರೆಕ್ಕೆಯ ಮೇಲಿನ ಕಣ್ಣು ದೊಡ್ಡದು, ಕಪ್ಪಿನ ಸುತ್ತ ಹಳದಿ ಬಳೆ, ನಡುವೆ ಮಿಂಚಿನ ಹಾಗೆ ಒಂದು ಬಿಳಿ ಗೀರು. ನನ್ನ ಗೂಬೆಯ ಕಣ್ಣು ಕಡುಗಂದು. ಆ ಜಾತಿಗೆ ಇರುವುದೇ ಹಾಗೆ. ದೀಪದ ಕೆಳಗೆ ಎರಡು ಗುಳಿ ಬಿದ್ದ ಹಾಗೆ ಕಾಣುತ್ತಿತ್ತು. ಜನ ಗೂಬೆಯ ಕಡೆ ಒಂದು ನೋಟ ಎಸೆದು, "ಓಹ್, ಗೂಬೆ" ಅಂದು ಚಿಟ್ಟೆಯ ಕಡೆ ತಿರುಗುತ್ತಿದ್ದರು. ತಂಗಿ ಆಚೆ ಕಡೆಯ ಕಂಬದ ಹತ್ತಿರ ನಿಂತು ನಗುತ್ತಿದ್ದಳು. ನನ್ನನ್ನು ನೋಡಿ ನಕ್ಕಳೋ, ಸುಮ್ಮನೆ ನಕ್ಕಳೋ ತಿಳಿಯದು. ನಾನು ಹಲ್ಲು ಕಡಿದೆ.

ಅದೇ ವಾರ ಅಪ್ಪನ ಕಣ್ಣಿನ ಪೊರೆ ತೆಗೆಸಿದೆವು. ಎಂಟು-ಹತ್ತು ವರ್ಷದಿಂದ ಎಲ್ಲವೂ ಮಂಜುಮಂಜು ಅನ್ನುತ್ತಿದ್ದವರು, ಪಟ್ಟಿ ಬಿಚ್ಚಿದ ದಿನ ನನ್ನ ಮುಖ ನೋಡಿ, "ನಿನಗೆ ಇಷ್ಟೊಂದು ಬಿಳಿಕೂದಲು ಯಾವಾಗ ಬಂತೇ ದೊಡ್ಡವಳೇ?" ಅಂದರು. ಹೊಸ ಕಣ್ಣು ಬಂದ ಮೇಲೂ ಮೊದಲು ಕಂಡದ್ದು ನನ್ನ ಕೊರತೆಯೇ. ಆಮೇಲೆ ಅಂದರು, "ಬರೋ ಬುಧವಾರ ನಿಮ್ಮ ಪೆಟ್ಟಿಗೆ ನೋಡೋಕ್ಕೆ ಬರ್ತೀನಿ. ಸರಿಯಾಗಿ ಕಣ್ಣು ಕಾಣೋವಾಗ ಒಂದ್ಸಲ ನೋಡ್ಬಿಡ್ತೀನಿ."

ಒಂದ್ಸಲ. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಪ್ಪ ನಿಚ್ಚಳವಾಗಿ ನೋಡುವುದು ಒಂದು ಸಲ, ಆ ಒಂದು ಸಲವೂ ಅವರ ಕಣ್ಣು ನೇರ ಚಿಟ್ಟೆಯ ಮೇಲೆ ಹೋಗಿ ಬೀಳುತ್ತದೆ, "ಚೆನ್ನಾಗಿದೆ ಪುಟ್ಟಿ" ಅನ್ನುತ್ತಾರೆ, ನನಗೆ ಗುಳಿಬಿದ್ದ ಗೂಬೆ.

ಸೋಮವಾರ ಸಂಗ್ರಹಾಲಯಕ್ಕೆ ರಜೆ. ಬೀಗದ ಕೈ ನಮ್ಮಿಬ್ಬರ ಹತ್ತಿರವೂ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಗೂಬೆಯನ್ನು ಹಿಂದಿನ ಕೋಣೆಗೆ ತಂದೆ. ಗಾಜಿನ ಕಣ್ಣುಗಳ ಖಾನೆ ತೆರೆದೆ. ಜೊತೆಜೊತೆಯಾಗಿ ಹತ್ತಿಯಲ್ಲಿ ಸುತ್ತಿಟ್ಟ ಕಣ್ಣುಗಳು. ಕೊಂಬಿನ ಗೂಬೆಗೆಂದು ತರಿಸಿದ್ದ ಕಿತ್ತಳೆ ಬಣ್ಣದ ಜೋಡಿ ಅಲ್ಲಿತ್ತು. ಒದ್ದೆ ಹತ್ತಿ ಇಟ್ಟು ರೆಪ್ಪೆ ಮೆತ್ತಗೆ ಮಾಡಿದೆ, ಸೂಜಿಯಲ್ಲಿ ಕಡುಗಂದು ಕಣ್ಣುಗಳನ್ನು ಎಬ್ಬಿಸಿ ತೆಗೆದು ಹತ್ತಿಯಲ್ಲಿ ಸುತ್ತಿ ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡೆ, ಹಿಂದೆ ಹೊಸ ಜೇಡಿ ತುಂಬಿ ಕಿತ್ತಳೆಯದನ್ನು ಕೂರಿಸಿದೆ. ಗೂಬೆ ನನ್ನನ್ನೇ ದುರುಗುಟ್ಟಿ ನೋಡಿತು. ಅಬ್ಬಾ! ಈಗ ಬರಲಿ ಅವಳ ಚಿಟ್ಟೆ ಅಂದುಕೊಂಡೆ.

ಇದು ತಪ್ಪು ಅಂತ ನನಗೆ ಗೊತ್ತಿರಲಿಲ್ಲವೇ? ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಹಕ್ಕಿ ಸತ್ತ ಕೆಲವು ಗಂಟೆಯಲ್ಲೇ ಕಣ್ಣು ಮಾಸುತ್ತದೆ. ಅದಕ್ಕೇ ಕೈಗೆ ಬಂದ ತಕ್ಷಣ ಕಣ್ಣಿನ ಬಣ್ಣ ನೋಡಿ, ಚೀಟಿಯಲ್ಲಿ ಬರೆದು, ಕಾಲಿಗೆ ಕಟ್ಟಬೇಕು. ಅಪ್ಪ ಮೊದಲ ದಿನ ಕಲಿಸಿದ್ದೇ ಅದನ್ನು. ಆದರೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಅಪ್ಪನಿಗೆ ಎಂಬತ್ತೆರಡು, ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದೇ ನೆನಪಿರುವುದಿಲ್ಲ, ಗೂಬೆಯ ಜಾತಿ ನೆನಪಿರುತ್ತದೆಯೇ? ಹೊಟ್ಟೆ ಉರಿಯುವಾಗ ತಲೆ ಕೆಲಸ ಮಾಡುವುದಿಲ್ಲ. ಮಾಡಿದ್ದರೆ ಆ ಚೀಟಿಯನ್ನಾದರೂ ಬಿಚ್ಚಿ ಬಿಸಾಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ತಂಗಿ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ನಿಂತಳು. ಕೋಣೆಗೆ ಬಂದು ಸೂಜಿ ಡಬ್ಬಿ ತೆರೆಯುತ್ತಾ, "ಅಕ್ಕಾ, ನಿನ್ನ ಗೂಬೆ ಇವತ್ತು ಬಹಳ ಚುರುಕಾಗಿದೆ. ಚೆನ್ನಾಗಿ ನಿದ್ದೆ ಮಾಡಿರ್ಬೇಕು" ಅಂದಳು.

"ಮಾಡಿರುತ್ತೆ" ಅಂದೆ, ತಲೆ ಎತ್ತದೆ.

ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಜಗಳ ಆಡುತ್ತಿದ್ದರು, ಇಲ್ಲ ಮೇಡಂಗೆ ಚಾಡಿ ಹೇಳುತ್ತಿದ್ದರು. ಇವಳು ಸುಮ್ಮನಿದ್ದಳು. ಅವಳ ಒಳ್ಳೆಯತನವೂ ನನಗೆ ಆಗಿಬರುವುದಿಲ್ಲ. ಆದರೆ ಅವತ್ತಿಡೀ ದಿನ ಜನ ಗೂಬೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತರು. ರೇಡಿಯೋ ಮೂರು ಸಲ ಬಂದು ಸುದ್ದಿ ಹೇಳಿ ಹೋದ. ಮೂರು ಸಲವೂ ತಂಗಿಗೆ ಕೇಳಲಿ ಅಂತ ಇನ್ನೊಂದು ಸಲ ಹೇಳಿಸಿದೆ.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ, ಕೊರಳಲ್ಲಿ ದಾರಕ್ಕೆ ಕಟ್ಟಿದ ಅದೇ ಹಳೆಯ ಹಿತ್ತಾಳೆ ಹಿಡಿಯ ಭೂತಗನ್ನಡಿ. ಅಪ್ಪನ ಕೈ ಹಿಡಿದು ಮೇಡಂ ಕರೆದುಕೊಂಡು ಬಂದರು. ನಾನು ಬಲಕ್ಕೆ, ತಂಗಿ ಎಡಕ್ಕೆ ನಿಂತೆವು. ಅಪ್ಪ ಕಪ್ಪು ಕನ್ನಡಕ ತೆಗೆದರು. ಚಿಟ್ಟೆಯ ಕಡೆ ಒಮ್ಮೆ ನೋಡಿ, "ಚೆನ್ನಾಗಿದೆ ಪುಟ್ಟಿ" ಅಂದರು. ಆಮೇಲೆ ಗೂಬೆಯ ಕಡೆ ತಿರುಗಿದರು. ತಿರುಗಿದವರು ಹಾಗೇ ನಿಂತರು. ಈಗ ಅಂತಾರೆ, ಈಗ ಅಂತಾರೆ.

"ತೆಗಿ ಬಾಗಿಲು" ಅಂದರು.

ಬೀಗ ತೆಗೆದೆ. ಅಪ್ಪ ಗೂಬೆಯ ಮುಖ ನೋಡಲಿಲ್ಲ. ಮಂಡಿ ಬಗ್ಗಿಸಿ, ಕೊಂಬೆಯ ಕೆಳಗೆ ಕೈ ಹಾಕಿ, ಪುಕ್ಕದ ಒಳಗೆ ಮುಚ್ಚಿಟ್ಟಿದ್ದ ಚೀಟಿಯನ್ನು ಎಳೆದರು. ಮೊದಲು ಚೀಟಿ, ಆಮೇಲೆ ಹಕ್ಕಿ. ಅವರ ಯಾವತ್ತಿನ ರೂಢಿ.

"ಕಣ್ಣು, ಕಡುಗಂದು" ಅಂತ ಗಟ್ಟಿಯಾಗಿ ಓದಿದರು. ನನ್ನದೇ ಅಕ್ಷರ. ತಲೆ ಎತ್ತಿ ಕಿತ್ತಳೆ ಕಣ್ಣುಗಳನ್ನು ನೋಡಿದರು. "ಯಾರು ಮಾಡಿದ್ದು ಇದನ್ನ?"

ಮೇಡಂ ನನ್ನ ಕಡೆ ನೋಡಿದರು. ರೇಡಿಯೋ ಕಂಬದ ಪಕ್ಕದಿಂದ ಕತ್ತು ಚಾಚಿದ. ಆಗ ಎಡಗಡೆಯಿಂದ ತಂಗಿಯ ಧ್ವನಿ ಬಂತು.

"ನಾನಪ್ಪ."

ಅಪ್ಪ ತಿರುಗಿದರು. "ನೀನಾ?"

"ಹೂಂ. ಚಿಟ್ಟೆಗೆ ಹೊಂದಲಿ ಅಂತ ನಾನೇ ಬದಲಾಯಿಸ್ದೆ. ಅಕ್ಕನಿಗೆ ಗೊತ್ತಿಲ್ಲ."

ನಾನು ಅವಳ ಮುಖ ನೋಡಿದೆ. ಕಣ್ಣು ನೆಲದ ಮೇಲೆ, ಕೈ ಕಟ್ಟಿಕೊಂಡಿದ್ದಾಳೆ, ಏನೋ ಕಾಯುತ್ತಿರುವವಳ ಹಾಗೆ. ಮೇಡಂ "ಅಯ್ಯೋ ಪಾಪ" ಅನ್ನುವ ಮುಖ ಮಾಡಿದರು. ಬೇರೆ ಅಕ್ಕಂದಿರಾಗಿದ್ದರೆ ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಬಂದದ್ದು ಬೆಂಕಿಯಂಥ ಸಿಟ್ಟು. ಕಿಟಕಿ ಅವಳಿಗೆ, ಚೆನ್ನಾಗಿದೆ ಅವಳಿಗೆ, ಈಗ ಅಕ್ಕನನ್ನು ಕಾಪಾಡಿದ ಪುಣ್ಯವಂತೆ ಅನ್ನುವ ಹೆಸರೂ ಅವಳಿಗೇ! ನನ್ನ ತಪ್ಪಾದರೂ ನನಗೆ ಇರಬೇಡವೇ?

"ಸುಳ್ಳು!" ಅಂತ ಕಿರುಚಿದೆ. ಆ ಹಾಲಿನಲ್ಲಿ ನನ್ನ ದನಿ ಮೂರು ಸಲ ಮಾರ್ದನಿಸಿತು. "ಸುಳ್ಳು ಹೇಳ್ತಿದ್ದಾಳೆ ಅಪ್ಪ. ರೆಪ್ಪೆ ಹರೀದೇ ಕಣ್ಣು ಬದಲಾಯಿಸೋಕ್ಕೆ ಇವಳಿಗೆ ಬರುತ್ತಾ? ನಾನು ಮಾಡಿದ್ದು. ಸೋಮವಾರ ರಜಾ ದಿನ ಬಂದು ಮಾಡಿದ್ದು. ನೋಡಿ ಬೇಕಾದ್ರೆ!" ಜೇಬಿನಿಂದ ಹತ್ತಿ ತೆಗೆದು ಬಿಚ್ಚಿ, ಕಡುಗಂದು ಕಣ್ಣುಗಳನ್ನು ಅವರ ಅಂಗೈ ಮೇಲಿಟ್ಟೆ.

ಅಪ್ಪ ಬೈದರು. ಅಂತಿಂಥ ಬೈಗುಳವಲ್ಲ. ಭೂತಗನ್ನಡಿ ಹಿಡಿದು ಗೂಬೆಯ ಎಡರೆಪ್ಪೆ, ಬಲರೆಪ್ಪೆ, ಕೊಕ್ಕಿನ ಬುಡ, ಎದೆಯ ಪುಕ್ಕ, ಹೆಬ್ಬೆರಳಿನ ಉಗುರು, ಎಲ್ಲವನ್ನೂ ನೋಡುತ್ತಾ ಬೈದರು. "ಮಣ್ಣಲ್ಲಿ ಬಿದ್ದಿದ್ದ ಹಕ್ಕಿಗೆ ಮುಖ ಕೊಡೋದು ನಮ್ಮ ಕೆಲಸ. ನೀನು ಮುಖವಾಡ ಕೊಟ್ಟಿದ್ದೀಯ. ಚಿಟ್ಟೆ ವೇಷ ಹಾಕುತ್ತೆ ಅಂತ ಗೂಬೆ ಕೈಲೂ ವೇಷ ಹಾಕಿಸ್ತಾರೇನೇ? ಇಷ್ಟು ವರ್ಷ ನಿನಗೆ ಕಲಿಸಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ನಾಳೆ ಸಾಯಂಕಾಲದೊಳಗೆ ಇದರ ಕಣ್ಣು ಇದಕ್ಕೆ ಬರಬೇಕು." ಉಸಿರು ಸಾಲದೆ ನಿಲ್ಲಿಸಿದರು. ಮೇಡಂ ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ನೀರು ತರಿಸಿದರು.

ನಾನು ಹಿಂದಿನ ಕೋಣೆಗೆ ಹೋಗಿ ತೊಟ್ಟಿಯ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ. ಮುಗಿಯಿತು ಎಲ್ಲ. ಇನ್ನು ಆ ಮಾತು ಈ ಜನ್ಮದಲ್ಲಿ ಬರುವುದಿಲ್ಲ. ಹಿಂದೆಯೇ ತಂಗಿ ಬಂದಳು. ಸಮಾಧಾನ ಹೇಳಲು ಬಂದಿದ್ದಾಳೆ ಅಂದುಕೊಂಡೆ. ನೋಡಿದರೆ ಅವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಅಷ್ಟೂ ನಿನಗೇ ಬೇಕಾ?" ಅಂದಳು.

"ಏನು ಅಷ್ಟು?"

"ಬೈಗುಳ."

ನನಗೆ ಅರ್ಥವಾಗಲಿಲ್ಲ. ನಲ್ಲಿ ನಿಲ್ಲಿಸಿದೆ.

"ಒಂದು ಸಲ, ಒಂದೇ ಒಂದು ಸಲ ನನಗೂ ಬೈಲಿ ಅಂತ ಹೇಳ್ದೆ ಅಕ್ಕಾ. ನಿನ್ನ ಉಳಿಸೋಕ್ಕೆ ಅಂದ್ಕೊಂಡ್ಯಾ? ನಿನ್ನ ತಲೆ! ಆ ಕನ್ನಡಿ ತೊಗೊಂಡು ನಿನ್ನ ಹಕ್ಕೀದು ಒಂದೊಂದು ಪುಕ್ಕ ನೋಡ್ತಾರೆ. ಒಂದೊಂದು ಉಗುರು ನೋಡ್ತಾರೆ. ಅರ್ಧ ಗಂಟೆ ನಿನ್ನ ಮೇಜಿನ ಹತ್ರ ನಿಂತಿರ್ತಾರೆ. ನನ್ನ ಹತ್ರ ಬಂದ್ರೆ ಚೆನ್ನಾಗಿದೆ ಪುಟ್ಟಿ. ನಡ್ಕೊಂಡು ಹೋಗ್ತಾ ಹೇಳ್ತಾರೆ, ನಿಲ್ಲೋದೂ ಇಲ್ಲ. ಇವತ್ತೂ ಹಂಗೇ ಹೇಳಿದ್ರು, ನೋಡ್ದ್ಯಾ? ಹೊಸ ಕಣ್ಣು ಬಂದಿದೆ, ಕನ್ನಡಿ ಕೊರಳಲ್ಲೇ ಇತ್ತು. ಮೂವತ್ತು ವರ್ಷದಲ್ಲಿ ಅವರು ನನ್ನ ಒಂದು ಚಿಟ್ಟೇನೂ ನೋಡಿಲ್ಲ. ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು ನನಗೆ."

ನನ್ನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲೂ ತೋಚಲಿಲ್ಲ. ಕಿಟಕಿ ಪಕ್ಕದ ಮೇಜಿನಿಂದ ಇವಳು ಇಷ್ಟು ವರ್ಷ ಕೊಬ್ಬಿನ ವಾಸನೆಯ ನನ್ನ ಮೇಜಿನ ಕಡೆ ನೋಡುತ್ತಿದ್ದಳೆಂದರೆ ನಂಬುವುದು ಹೇಗೆ? ಆದರೆ ಅವಳ ಮುಖ ನೋಡಿದರೆ ನಂಬದಿರಲೂ ಆಗಲಿಲ್ಲ. ಆ ಮುಖ ನನಗೆ ಚೆನ್ನಾಗಿ ಪರಿಚಯ. ದಿನಾ ಬೆಳಿಗ್ಗೆ ತಲೆ ಬಾಚುವಾಗ ನೋಡುವ ಮುಖ ಅದು.

ಕೈ ಒರೆಸಿಕೊಂಡು ಹಾಲಿಗೆ ಹೋದೆ. ಅಪ್ಪ ಬೆಂಚಿನ ಮೇಲೆ ನೀರಿನ ಲೋಟ ಹಿಡಿದು ಕೂತಿದ್ದರು.

"ಅಪ್ಪ, ಮನೆಗೆ ಹೋಗೋ ಮುಂಚೆ ಇನ್ನೊಂದು ನೋಡಿ."

"ಇನ್ನೇನು ಮಾಡಿದ್ದೀಯ?"

"ನಾನಲ್ಲ. ನಿಮ್ಮ ಪುಟ್ಟಿ. ಚಿಟ್ಟೆದು ಎಡಗಡೆ ಮೀಸೆ ನೋಡಿ. ಬರಿಗಣ್ಣಲ್ಲಿ ಅಲ್ಲ, ಕನ್ನಡಿ ಹಿಡಿದು ನೋಡಿ."

ಹಿಂದೆ ಬಂದು ನಿಂತಿದ್ದ ತಂಗಿ ಬೆಚ್ಚಿ ನನ್ನ ಕಡೆ ನೋಡಿದಳು. ಅಪ್ಪ ಎದ್ದರು. ಪೆಟ್ಟಿಗೆಯ ಒಳಗೆ ತಲೆ ಹಾಕಿ, ಭೂತಗನ್ನಡಿಯನ್ನು ಚಿಟ್ಟೆಯ ಹತ್ತಿರ ಒಯ್ದು ಉಸಿರು ಬಿಗಿಹಿಡಿದು ನೋಡಿದರು. ಎಡಮೀಸೆ, ಬಲಮೀಸೆ, ಮತ್ತೆ ಎಡಮೀಸೆ. ಆಮೇಲೆ ಕಾಲುಗಳು. ಆಮೇಲೆ ರೆಕ್ಕೆಯ ಅಂಚು, ಆ ಹಳದಿ ಬಳೆ, ಆ ಬಿಳಿ ಗೀರು. ತಂಗಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು.

"ಇದೇನೇ ಇದು!" ಅಂದರು ಅಪ್ಪ. ಪುಟ್ಟಿ ಅನ್ನಲಿಲ್ಲ. "ಯಾರ ಮೀಸೆ ಇದು? ಮುರಿದಿದ್ರೆ ಮುರಿದಿದೆ ಅಂತ ಬಿಡ್ಬೇಕು, ಕಂಡೋರ ಮೀಸೆ ತಂದು ಅಂಟಿಸ್ತಾರಾ? ಈ ಸೂಜಿ ನೋಡು, ಒಂದು ಕೂದಲೆಳೆ ಓರೆ ಇದೆ. ಬಲಗಡೆ ರೆಕ್ಕೆ ಮೇಲಕ್ಕೆ ಹೋಗಿದೆ. ಬಾ ಇಲ್ಲಿ. ಹತ್ತಿರ ಬಾ. ಏನು ಕಲಿಸ್ದೆ ನಾನು ನಿನಗೆ?"

ತಂಗಿ ಹತ್ತಿರ ಹೋದಳು. ಅಪ್ಪ ಕನ್ನಡಿಯನ್ನು ಅವಳ ಕಣ್ಣಿಗೆ ಹಿಡಿದು, ತಲೆಗೆ ತಲೆ ತಾಗಿಸಿಕೊಂಡು, ಒಂದೊಂದೇ ತೋರಿಸುತ್ತಾ ಬೈಯುತ್ತಲೇ ಇದ್ದರು. ಅವಳ ಕಣ್ಣಲ್ಲಿ ನೀರು ಧಾರಾಕಾರ, ಮುಖದ ತುಂಬ ನಗು. ರೇಡಿಯೋ ನನ್ನ ಪಕ್ಕಕ್ಕೆ ಬಂದು, "ಪಾಪ, ಚಿಕ್ಕಕ್ಕೋರಿಗೆ ಅಳೋ ಹಾಗೆ ಬೈತಿದಾರಲ್ಲಾ" ಅಂದ.

ನಾನು ಹಾಲಿನ ಗಡಿಯಾರ ನೋಡುತ್ತಿದ್ದೆ. ನನಗೆ ಬೈದದ್ದು ಹನ್ನೊಂದು ನಿಮಿಷ. ಅವಳಿಗೆ ಆಗಲೇ ಹದಿನಾಲ್ಕಾಗಿತ್ತು, ಇನ್ನೂ ನಿಲ್ಲಿಸಿರಲಿಲ್ಲ.